ರೂಪದ ಬಗೆಗಿನ ನಾಚಿಕೆ ಕಾಯಿಲೆಯಾಗುವುದು ಯಾವಾಗ?

ಮೂಗಿನ ಮೇಲಿನ ಸಣ್ಣ ಕಲೆಯನ್ನು ಎಲ್ಲರೂ ಗಮನಿಸುತ್ತಾರೆಂಬ ನಾಚಿಕೆಯಿಂದ ಕಾಲೇಜಿಗೂ ಮದುವೆಮನೆಗೂ ಹೋಗುವುದನ್ನು ಬಿಟ್ಟಿರುವ ನೀವು, ಇದು ಕಾಯಿಲೆಯೇ ಎಂದು ದಾವಣಗೆರೆಯಿಂದ ಕೇಳಿದ್ದೀರಿ. ರೂಪದ ಬಗ್ಗೆ ಅಳುಕು ಬಹುತೇಕ ಎಲ್ಲರಿಗೂ ಇರುತ್ತದೆ; ಆದರೆ ಇತರರ ಕಣ್ಣಿಗೆ ಅಷ್ಟಾಗಿ ಬೀಳದ ಕೊರತೆಯೊಂದು ಗಂಟೆಗಟ್ಟಲೆ ಮನಸ್ಸನ್ನು ಹಿಡಿದಿಟ್ಟು, ಪದೇ ಪದೇ ಕನ್ನಡಿಯ ಮುಂದೆ ನಿಲ್ಲಿಸಿ, ಓದನ್ನೂ ಒಡನಾಟವನ್ನೂ ಕೆಡಿಸುತ್ತಿದ್ದರೆ ಅದು ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್ ಆಗಿರಬಹುದು. ಮಾನಸಿಕ ಕಾಯಿಲೆಗಳನ್ನು ವಿಂಗಡಿಸುವ ಅಮೆರಿಕದ ಕೈಪಿಡಿಯಾದ 2013ರ ಡಿಎಸ್‌ಎಂ-5 ಇದನ್ನು ಗೀಳು ಕಾಯಿಲೆಗಳ ಗುಂಪಿನಲ್ಲಿ ಸೇರಿಸಿದೆ, ಮತ್ತು ಅದು ಸರಿಯೆಂದೇ ನನಗನ್ನಿಸುತ್ತದೆ, ಏಕೆಂದರೆ ಕನ್ನಡಿ ಕೊಡುವ ಸಮಾಧಾನ ಕ್ಷಣಮಾತ್ರದ್ದು, ಆತಂಕ ಮತ್ತೆ ಮರಳುತ್ತದೆ. ಮುಖಕ್ಕೆ ಹಚ್ಚುವ ಕ್ರೀಮಾಗಲಿ ಶಸ್ತ್ರಚಿಕಿತ್ಸೆಯಾಗಲಿ ಈ ಚಿಂತೆಯನ್ನು ಸಾಮಾನ್ಯವಾಗಿ ನೀಗಿಸುವುದಿಲ್ಲ. ಸಿಬಿಟಿ ಎಂಬ ಮಾತಿನ ಚಿಕಿತ್ಸೆ, ಅಗತ್ಯವಿದ್ದರೆ ಮಾತ್ರೆಗಳು ನೆರವಾಗುತ್ತವೆ. ದಯವಿಟ್ಟು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿರಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಿರಿ.