ಸಂಗಮಕ್ಕೆ ಸೈಕಲ್ಲಲ್ಲಿ: ಸೂರ್ಯೋದಯದ ಆಸೆ ಬಿಡಿ

ಪ್ರಶ್ನೆ: ಆಫೀಸಿನ ನಾವು ನಾಲ್ಕು ಜನ ಜಯನಗರದಿಂದ ಕನಕಪುರದ ಮೇಲೆ, ಅರ್ಕಾವತಿ ಕಾವೇರಿಗೆ ಸೇರುವ ಸಂಗಮಕ್ಕೆ ಸೈಕಲ್ಲಲ್ಲಿ ಹೊರಟಿದ್ದೇವೆ. ರಾತ್ರಿ ಒಂದಕ್ಕೆ ಬಿಟ್ಟರೆ ನದಿ ದಂಡೆಯಲ್ಲಿ ಸೂರ್ಯೋದಯ ನೋಡಬಹುದು ಅಂತ ಲೆಕ್ಕ. ದಾರಿಯಲ್ಲಿ ಆನೆ ಕಾಟ ನಿಜವಾ? ಕಾಡಿನ ಕಾಲುದಾರಿಗಳಲ್ಲೂ ಸೈಕಲ್ ತುಳಿಯಬಹುದಾ?
— ಓದುಗರೊಬ್ಬರು, ಜಯನಗರ

ಉತ್ತರ: ನಿಜ. ಸಂಗಮ ಇರುವುದೇ ಕಾವೇರಿ ವನ್ಯಜೀವಿ ಧಾಮದಲ್ಲಿ ಅಲ್ವಾ. ಸೂರ್ಯೋದಯ ಮರೆತುಬಿಡಿ. ಈಗ ರಾಗಿ ಕೊಯ್ಲಿನ ಕಾಲ. ರಾತ್ರಿಯೆಲ್ಲ ಹೊಲದಲ್ಲಿ ಮೇಯ್ದ ಆನೆಗಳು ಬೆಳಕು ಹರಿಯುವ ಹೊತ್ತಿಗೆ ಕಾಡಿಗೆ ವಾಪಸ್ ಹೋಗುತ್ತವೆ, ರಸ್ತೆ ದಾಟುವುದೂ ಆಗಲೇ. ಸೈಕಲ್ಲಿಗೆ ಸದ್ದಿಲ್ಲ, ನೀವು ಬರುತ್ತಿರುವುದು ಆನೆಗೆ ಗೊತ್ತಾಗುವುದಿಲ್ಲ, ಅದು ನಿಂತಿರುವುದು ನಿಮಗೆ ಗೊತ್ತಾಗುವುದಿಲ್ಲ, ತಿರುವು ದಾಟಿದರೆ ಎದುರಾಬದುರು. ಬೆಳಿಗ್ಗೆ ಐದಕ್ಕೆ ಹೊರಡಿ, ಎಂಟರ ಹೊತ್ತಿಗೆ ಕನಕಪುರದಲ್ಲಿ ತಿಂಡಿ ತಿನ್ನಿ, ಕಾಡು ಶುರುವಾಗುವಷ್ಟರಲ್ಲಿ ಬಿಸಿಲೇರಿರುತ್ತದೆ. ರಸ್ತೆ ಮೇಲಿನ ಲದ್ದಿ ಹಸಿಯಾಗಿ ಹಬೆಯಾಡುತ್ತಿದ್ದರೆ ಅಲ್ಲೇ ನಿಲ್ಲಿ, ಬಸ್ಸೋ ಕಾರೋ ಮುಂದೆ ಹೋಗಲಿ. ಆನೆಯೇ ಕಂಡರೆ ಬೆಲ್ ಬೇಡ, ಫೋಟೊ ಬೇಡ, ಸುಮ್ನೆ ಬಂದ ದಾರಿಗೆ ತಿರುಗಿ.

ಆದರೆ ನನ್ನ ಕೇಳಿದರೆ ಸೈಕಲ್ಲಿನವರನ್ನು ಆನೆಗಿಂತ ಜಾಸ್ತಿ ಬೀಳಿಸುವುದು ಹುರುಳಿ! ಒಕ್ಕಣೆಗೆ ಅಂತ ರಾಗಿ ತೆನೆ, ಹುರುಳಿ ಬಳ್ಳಿ ಎಲ್ಲ ರಸ್ತೆ ಮೇಲೇ ಹರಡಿರುತ್ತಾರೆ. ಅದರ ಮೇಲೆ ಚಕ್ರ ಜಾರುತ್ತದೆ, ಬಳ್ಳಿ ಹಿಂದಿನ ಗೇರಿಗೆ ಸುತ್ತಿಕೊಂಡರೆ ಗೇರ್ ಬದಲಿಸುವ ಡಿರೇಲರ್ ಮುರಿದೇ ಹೋಗಬಹುದು. ಇಳಿದು ತಳ್ಳಿಕೊಂಡು ಹೋಗಿ. ಆಮೇಲೆ ಕೊನೆಯ ಇಳಿಜಾರು. ತಿರುವಿನ ಅಂಚಲ್ಲಿ ಮರಳು ಕೂತಿರುತ್ತದೆ, ಹಾಗಾಗಿ ವೇಗ ಇಳಿಸುವುದು ತಿರುವಿಗೆ ಮೊದಲೇ, ಎರಡೂ ಬ್ರೇಕ್ ಸೇರಿಸಿ. ತಿರುವಿನ ಮಧ್ಯೆ ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದು ನಾನೊಮ್ಮೆ ಬಿದ್ದಿದ್ದೇನೆ. ಮೊಣಕೈಯಿಂದ ಕಲ್ಲಿನ ಚೂರು ಕೀಳುತ್ತಾ ನರ್ಸ್ ಬೈದಿದ್ದು ಇನ್ನೂ ನೆನಪಿದೆ, ಹೆಲ್ಮೆಟ್ ಇತ್ತು, ತಲೆ ಉಳಿಯಿತು.

ಕಾಲುದಾರಿ ಬೇಡವೇ ಬೇಡ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಧಾಮದೊಳಗೆ ರಸ್ತೆ ಬಿಟ್ಟು ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ನದಿಗೂ ಇಳಿಯಬೇಡಿ, ಮೊಸಳೆ ಇವೆ, ಸುಳಿಯೂ ಇದೆ. ಬಾಳೆಹಣ್ಣು ಬ್ಯಾಗಿನೊಳಗೇ ಇರಲಿ, ಅಲ್ಲಿನ ಕೋತಿಗಳು ಯಾರ ಮುಲಾಜೂ ನೋಡುವುದಿಲ್ಲ.

ಇಳಿದ ಇಳಿಜಾರೇ ವಾಪಸ್ ಬರುವಾಗ ನೆತ್ತಿ ಬಿಸಿಲಲ್ಲಿ ಏರು. ಕಾಲು ಕೈಕೊಡುವುದು ಅಲ್ಲೇ. ಕನಕಪುರದಲ್ಲಿ ತಿಂಡಿ ತಿನ್ನುವಾಗಲೇ ಒಂದು ಟೆಂಪೊ ಮಾತಾಡಿಟ್ಟುಕೊಳ್ಳಿ.