ಓದುಗರ ಪ್ರಶ್ನೆ: ಟ್ರಂಕಿನಲ್ಲಿ ಸಿಕ್ಕ ಫೋಟೋಗಳು

ಪ್ರಶ್ನೆ: ನಮ್ಮ ಅಟ್ಟದ ಮೇಲಿದ್ದ ಟ್ರಂಕಿನಲ್ಲಿ ಸುಮಾರು ನಲವತ್ತು ಹಳೆಯ ಫೋಟೋಗಳು ಸಿಕ್ಕಿವೆ. ಅವುಗಳನ್ನು ಫೇಸ್‌ಬುಕ್‌ ಮತ್ತು ಇನ್‌ಸ್ಟಾಗ್ರಾಮ್‌ನಲ್ಲಿ ಕಥೆಗಳಾಗಿ ಹಂಚಿಕೊಳ್ಳಬೇಕೆಂಬ ಆಸೆಯಿದೆ. ಮುತ್ತಜ್ಜಿಯ ಮದುವೆಯ ಫೋಟೋಗೆ ನನ್ನ ತಮ್ಮ ಆ್ಯಪ್‌ ಮೂಲಕ ಬಣ್ಣ ತುಂಬಿ, ಅವರು ಕಣ್ಣು ಮಿಟುಕಿಸಿ ನಗುವಂತೆ ಮಾಡಿದ್ದಾನೆ. ಅದನ್ನು ನೋಡಿ ದೊಡ್ಡಮ್ಮ ಬೇಸರ ಮಾಡಿಕೊಂಡಿದ್ದಾರೆ. ಹೇಗೆ ಮುಂದುವರಿಯಲಿ?
- ಓದುಗರೊಬ್ಬರು, ಮಂಡ್ಯ

ಉತ್ತರ: ದೊಡ್ಡಮ್ಮನ ಬೇಸರಕ್ಕೆ ಕಾರಣವಿದೆ. 2021ರಲ್ಲಿ ಮೈಹೆರಿಟೇಜ್‌ ಸಂಸ್ಥೆಯ ಡೀಪ್‌ ನಾಸ್ಟಾಲ್ಜಿಯಾ ಬಂದಾಗಿನಿಂದ ಇಂಥ ಚಲಿಸುವ ಮುಖಗಳು ಮನೆಮನೆಯ ಮೊಬೈಲಿಗೂ ಬಂದಿವೆ. ಬೇರೆ ಯಾರದೋ ಮುಖದ ಚಲನೆಯನ್ನು ಮೊದಲೇ ಚಿತ್ರೀಕರಿಸಿಟ್ಟುಕೊಂಡು ನಮ್ಮ ಹಿರಿಯರ ಮುಖಕ್ಕೆ ಹೊಂದಿಸುವುದು ಅದರ ವಿಧಾನವಾಗಿತ್ತು. ಮುತ್ತಜ್ಜಿಯ ನಗುವನ್ನು ಕಣ್ಣಾರೆ ಕಂಡವರಿಗೆ ಪರದೆಯ ಮೇಲಿನ ನಗು ಪರಕೀಯವೆನಿಸುವುದು ಸಹಜವೇ.

ಬಣ್ಣದ ವಿಷಯವೂ ಇಷ್ಟೇ ಸೂಕ್ಷ್ಮವಾದದ್ದು. ನಮ್ಮ ಮನೆಯಲ್ಲಿರುವ ಹಳೆಯ ಮದುವೆಯ ಫೋಟೋದಲ್ಲಿ ಮದುಮಗಳ ಸೀರೆ ಕಾಡಿಗೆಯಷ್ಟು ಕಪ್ಪಗಿದೆ, ಹಣೆಯ ಕುಂಕುಮವೂ ಕಪ್ಪಗಿದೆ. ಮದುವೆಗೆ ಕಪ್ಪು ಸೀರೆ ಉಡಿಸಿದ್ದೇಕೆ ಎಂದು ನಾವು ಮಕ್ಕಳೆಲ್ಲ ಎಷ್ಟೋ ವರ್ಷ ಕೇಳಿದ್ದುಂಟು. ಕೊನೆಗೆ ಸೋದರತ್ತೆ ತಮ್ಮ ಪೆಟ್ಟಿಗೆಯಿಂದ ಅದೇ ಸೀರೆಯ ಗೇಣುದ್ದದ ತುಂಡೊಂದನ್ನು ತೆಗೆದು ಬಿಡಿಸಿದರು. ಮಡಿಕೆಯ ಗೆರೆಯಲ್ಲಿ ಜರಿ ಮುರಿದಿತ್ತು, ಒಡಲು ಮಾತ್ರ ಅಪ್ಪಟ ಕುಂಕುಮ ಕೆಂಪು! ಆ ಕಾಲದ ಕ್ಯಾಮೆರಾಗಳಲ್ಲಿ ಬಳಸುತ್ತಿದ್ದ ಆರ್ಥೊಕ್ರೊಮ್ಯಾಟಿಕ್‌ ಗಾಜಿನ ಫಲಕಗಳು ಕೆಂಪು ಬೆಳಕಿಗೆ ಸ್ಪಂದಿಸುತ್ತಿರಲಿಲ್ಲವಾದ್ದರಿಂದ ಕೆಂಪೆಲ್ಲ ಕಪ್ಪಾಗಿಯೂ, ನೀಲಿ ಬಣ್ಣವು ಬಿಳಿಚಿಕೊಂಡೂ ಮೂಡುತ್ತಿದ್ದವು. ಆ್ಯಪ್‌ ಇದನ್ನರಿಯದೆ ಅದೇ ಸೀರೆಗೆ ಕಡುನೀಲಿ ಬಳಿದಿತ್ತು. ಬಣ್ಣ ತುಂಬಿದ ಚಿತ್ರವನ್ನು ಹಾಕಲೇಬೇಕೆಂದಿದ್ದರೆ, ಮೂಲ ಫೋಟೋವನ್ನು ಅದರ ಪಕ್ಕದಲ್ಲಿಟ್ಟು, ಬಣ್ಣಗಳು ಊಹೆಯವೆಂದು ಚಿತ್ರದ ಕೆಳಗೇ ಬರೆಯಿರಿ.

ಫೋಟೋಗೆ ಜೀವ ತುಂಬುವ ಮಾತು ದೊಡ್ಡಮ್ಮನ ಬಳಿಯೇ ಇದೆ. ಆದರೆ "ಇವರ ಬಗ್ಗೆ ಏನಾದರೂ ಹೇಳಿ" ಎಂದು ಕೇಳಿದರೆ "ಬಹಳ ಒಳ್ಳೆಯವರು" ಎಂಬಲ್ಲಿಗೆ ಮಾತು ನಿಂತುಹೋಗುತ್ತದೆ. ಫೋಟೋವನ್ನು ದೊಡ್ಡದು ಮಾಡಿ ತೋರಿಸಿ, ಕಣ್ಣಿಗೆ ಕಾಣುವ ವಸ್ತುವಿನ ಮೇಲೆ ಬೆರಳಿಟ್ಟು ಕೇಳಿ. ಈ ಡಾಬು ಈಗ ಯಾರ ಮನೆಯಲ್ಲಿದೆ, ಮುತ್ತಜ್ಜನ ಕೋಟು ಸ್ವಂತದ್ದೋ ಸ್ಟುಡಿಯೋದ್ದೋ, ಅಂಚಿನಲ್ಲಿ ಅರ್ಧ ಮಾತ್ರ ಕಾಣುವ ಹುಡುಗ ಯಾರು ಎಂಬಂಥ ಪ್ರಶ್ನೆಗಳಿಗೆ ಬರುವ ಉತ್ತರಗಳೇ ನಿಮ್ಮ ಕಥೆ. ಅವರ ಅನುಮತಿ ಪಡೆದು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಡಾಬು ಗಿರವಿಗೆ ಹೋಗಿ ಮರಳಿ ಬಂದಂಥ ಸಂಗತಿಯನ್ನು ದೊಡ್ಡಮ್ಮ ತಮ್ಮ ಮಾತಿನಲ್ಲೇ ಹೇಳಿದರೆ, ಅದಕ್ಕೆ ನೀವು ಬೇರೆ ಸಂಗೀತ ಸೇರಿಸುವ ಅಗತ್ಯವಿಲ್ಲ. ನಲವತ್ತು ಫೋಟೋಗಳನ್ನು ಒಂದೇ ದಿನ ಸುರಿಯದೆ ವಾರಕ್ಕೊಂದರಂತೆ ಹಾಕಿ. ಮೊದಲು ಡಾಬಿನ ಭಾಗ, ಆಮೇಲೆ ಇಡೀ ಫೋಟೋ, ಕೊನೆಗೆ ಹಿಂಬದಿಯ ಬರಹ, ಹೀಗೆ ಒಂದೇ ಪೋಸ್ಟಿನಲ್ಲಿ ಜೋಡಿಸಬಹುದು.

ಪ್ರಶ್ನೆ: ಫೋಟೋಗಳ ಮೇಲೆ ಇಸವಿಯಿಲ್ಲ. ಕಾಲವನ್ನು ಗುರುತಿಸುವುದು ಹೇಗೆ?
- ಚಾಮರಾಜಪುರಂನ ಓದುಗರು, ಮೈಸೂರು

ಉತ್ತರ: ನಿಮ್ಮ ಊರಿನ ಹೊರಾಂಗಣ ಚಿತ್ರಗಳಲ್ಲಿ ಕಟ್ಟಡಗಳೇ ಸಾಕ್ಷಿ ಹೇಳುತ್ತವೆ. ದೊಡ್ಡ ಗಡಿಯಾರ ಕಂಡರೆ ಆ ಫೋಟೋ 1927ಕ್ಕಿಂತ ಹಳೆಯದಾಗಿರಲಾರದು, ಏಕೆಂದರೆ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕಾಗಿ ಅದನ್ನು ಕಟ್ಟಿದ್ದು ಆ ವರ್ಷ. ಮರದ ಅರಮನೆ ಬೆಂಕಿಗೆ ಆಹುತಿಯಾದದ್ದು 1897ರಲ್ಲಿ, ಈಗಿನ ಅರಮನೆ ಪೂರ್ಣಗೊಂಡದ್ದು 1912ರಲ್ಲಿ. ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಾದ್ದರಿಂದ, ಹಿಂಬದಿಯ ವಿಳಾಸದಲ್ಲಿ "ಮಂಡ್ಯ, ಮೈಸೂರು ಜಿಲ್ಲೆ" ಎಂದಿದ್ದರೆ ಅದೂ ಒಂದು ಸುಳಿವು. ಒಳಾಂಗಣದ ಚಿತ್ರಗಳಿಗೆ ಮನೆಯ ಲೆಕ್ಕವೇ ಒಳ್ಳೆಯದು: ಮಡಿಲಲ್ಲಿರುವ ಮಗು ಯಾರೆಂದು ತಿಳಿದು, ಅದರ ಜಾತಕ ಸಿಕ್ಕರೆ ವರ್ಷ ಸಿಕ್ಕಂತೆಯೇ. ಸಿಗದಿದ್ದರೆ "ಸುಮಾರು" ಎಂಬ ಪದವನ್ನು ತಪ್ಪದೆ ಸೇರಿಸಿ. ಅಂತರ್ಜಾಲದಲ್ಲಿ ಒಮ್ಮೆ ಹೋದ ತಪ್ಪು ಇಸವಿ ಹತ್ತು ಮನೆಯ ವಂಶವೃಕ್ಷಗಳನ್ನು ಸೇರಿಬಿಡುತ್ತದೆ.

ಪ್ರಶ್ನೆ: ಸ್ಟುಡಿಯೋದವರ ಹಕ್ಕು ಅಡ್ಡಬರುವುದೇ? ಮೂಲ ಫೋಟೋಗಳಿಗೆ ಹಾನಿಯಾಗದಂತೆ ಸ್ಕ್ಯಾನ್‌ ಮಾಡುವುದು ಹೇಗೆ?
- ಶ್ರೀರಂಗಪಟ್ಟಣದ ಓದುಗರು

ಉತ್ತರ: 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟು ತೆಗೆಸಿಕೊಂಡ ಫೋಟೋದ ಮೊದಲ ಹಕ್ಕು ತೆಗೆಸಿಕೊಂಡವರದೇ. ನಾನು ಹೆಚ್ಚು ಚಿಂತಿಸುವುದು ಫೋಟೋದಲ್ಲಿದ್ದು ಇಂದಿಗೂ ನಮ್ಮೊಡನಿರುವವರ ಬಗ್ಗೆ. ಅವರನ್ನು ಕೇಳದೆ ಹಾಕಬೇಡಿ. ಅವರ ಜನ್ಮದಿನಾಂಕ, ಮನೆಯ ವಿಳಾಸಗಳನ್ನಂತೂ ಬರೆಯಲೇಬೇಡಿ.

ಸ್ಕ್ಯಾನಿಂಗ್‌ ಕೆಲಸವನ್ನು ಸಾಧ್ಯವಾದರೆ ನಿಮ್ಮ ಕಣ್ಣೆದುರೇ ಮಾಡಿಸಿ. ನಾನೊಮ್ಮೆ ಅಂಗಡಿಯೊಂದಕ್ಕೆ ಕೊಟ್ಟಿದ್ದ ಫೋಟೋವನ್ನು ಚೆನ್ನಾಗಿ ಕಾಣಲೆಂದು ಹೊಸ ರಟ್ಟಿಗೆ ಅಂಟಿಸಿಕೊಟ್ಟರು, ಹಿಂಬದಿಯಲ್ಲಿ ತಾತ ಪೆನ್ಸಿಲಿನಿಂದ ಬರೆದಿದ್ದ ನಾಲ್ಕು ಹೆಸರುಗಳು ಆ ರಟ್ಟಿನಡಿ ಶಾಶ್ವತವಾಗಿ ಮುಚ್ಚಿಹೋದವು. ಆದ್ದರಿಂದ ಎರಡೂ ಬದಿಗಳನ್ನು 600 ಡಿಪಿಐನಲ್ಲಿ (ಪ್ರತಿ ಇಂಚಿಗೆ 600 ಚುಕ್ಕೆಗಳ ಸ್ಪಷ್ಟತೆಯಲ್ಲಿ) ಸ್ಕ್ಯಾನ್‌ ಮಾಡಿ, ಗುಣಮಟ್ಟ ಕುಗ್ಗದ ಟಿಫ್‌ ಕಡತವನ್ನು ಎರಡು ಕಡೆ ಕಾಯ್ದಿರಿಸಿ, ಪೋಸ್ಟಿಗೆ ಗಾತ್ರದಲ್ಲಿ ಚಿಕ್ಕದಾದ ಜೆಪೆಗ್‌ ಪ್ರತಿಯನ್ನು ಬಳಸಿ. ನೆಂಟರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸುವಾಗ ಫೋಟೋ ಎಂದು ಕಳುಹಿಸಿದರೆ ಗುಣಮಟ್ಟ ಕುಗ್ಗುತ್ತದೆ, ಡಾಕ್ಯುಮೆಂಟ್‌ ಎಂದು ಕಳುಹಿಸಿ. "ಎಡದಿಂದ ಮೂರನೆಯವರು ನಮ್ಮ ಅಜ್ಜಿ" ಎಂದು ಯಾರಾದರೂ ಪ್ರತಿಕ್ರಿಯೆ ಬರೆದರೆ, ಅದನ್ನು ಅಂದೇ ಪುಸ್ತಕವೊಂದರಲ್ಲಿ, ಹೇಳಿದವರ ಹೆಸರಿನೊಡನೆ ಬರೆದಿಟ್ಟುಕೊಳ್ಳಿ.