ಪ್ರತಿಕ್ರಿಯೆ: ಮಿನಿ ಹೈಡಲ್‌ನಿಂದ ಹೊಳೆಗೆ ತೊಂದರೆ ಇಲ್ವಾ?

ನಮಸ್ಕಾರ. ನಿಮ್ಮೂರ ಹೊಳೆಗೆ ಮಿನಿ ಹೈಡಲ್ (ಸಣ್ಣ ಜಲವಿದ್ಯುತ್ ಘಟಕ) ಬರುತ್ತಿದೆ, ಶರಾವತಿ ನದಿಯ ಲಿಂಗನಮಕ್ಕಿಯಂಥ ದೊಡ್ಡ ಅಣೆಕಟ್ಟಿಗಿಂತ ಇದು ವಾಸಿ ಅಲ್ವಾ ಎಂದು ಕೇಳಿದ್ದೀರಿ. ಮುಳುಗಡೆ ಒಂದನ್ನೇ ನೋಡಿದರೆ ಹೌದು. 1964ರಲ್ಲಿ ಲಿಂಗನಮಕ್ಕಿ ಕಟ್ಟಿದಾಗ ಊರು, ಗದ್ದೆ, ಕಾಡು ಎಲ್ಲ ನೀರಿನಡಿ ಹೋದವು. ಆ ಸಂತ್ರಸ್ತರ ಮಕ್ಕಳು, ಮೊಮ್ಮಕ್ಕಳು ಇನ್ನೂ ಭೂಮಿಯ ಹಕ್ಕಿಗೆ ಅಲೆಯುತ್ತಿದ್ದಾರೆ.

ಆದರೆ ಸಣ್ಣದರ ಪೆಟ್ಟು ಬೇರೆ ಥರ. ಒಡ್ಡು ಕಟ್ಟಿ, ನೀರನ್ನು ಕಾಲುವೆ ಅಥವಾ ಪೈಪಿನಲ್ಲಿ ತಿರುಗಿಸಿ, ಕೆಳಗೆ ಎಲ್ಲೋ ವಾಪಸ್ ಬಿಡುತ್ತಾರೆ. ನಡುವಿನ ಹೊಳೆ ಒಣಗುತ್ತದೆ. ಬೇಸಿಗೆ ಹೊತ್ತಿಗೆ ಇಂಥ ಒಡ್ಡಿನ ಕೆಳಗೆ ನಾನೇ ಇಳಿದು ನೋಡಿದ್ದೇನೆ. ಬಂಡೆ ಮೇಲೆ ಪಾಚಿ ಒಣಗಿ ಸಿಪ್ಪೆಯಂತೆ ಏಳುತ್ತಿತ್ತು. ಮೊಣಕಾಲುದ್ದದ ಗುಂಡಿಯಲ್ಲಿ ಮೀನುಗಳು ಒಂದರ ಮೇಲೊಂದು ಬಿದ್ದಿದ್ದವು. ಬೇಜಾರಾಯಿತು. ಮೊಟ್ಟೆ ಇಡಲು ಮೇಲಕ್ಕೆ ಹೋಗುವ ಮೀನಿಗೂ ಒಡ್ಡೇ ಗೋಡೆ. ಜೊತೆಗೆ ಕಾಡಿನೊಳಗೆ ರಸ್ತೆ, ಕರೆಂಟ್ ಲೈನ್.

ಲೆಕ್ಕವನ್ನೂ ಹಾಕಿ. ಲಿಂಗನಮಕ್ಕಿ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರ 1035 ಮೆಗಾವಾಟ್. ಅಷ್ಟಕ್ಕೆ 25 ಮೆಗಾವಾಟಿನ ಘಟಕಗಳು 42 ಬೇಕು! ಒಂದೇ ಹೊಳೆಗೆ ನಾಲ್ಕೈದು ಸಾಲಾಗಿ ಬಂದರೆ ಏನು ಉಳಿಯುತ್ತದೆ?

2006ರ ಕೇಂದ್ರ ಅಧಿಸೂಚನೆಯ ಪ್ರಕಾರ 25 ಮೆಗಾವಾಟಿಗಿಂತ ಕಡಿಮೆ ಇದ್ದರೆ ಪರಿಸರ ಅನುಮತಿ ಬೇಕಿಲ್ಲ. ನನಗೆ ಇದು ದೊಡ್ಡ ತಪ್ಪು ಅನ್ನಿಸುತ್ತದೆ. ಕಾಡಿನ ಜಾಗ ಬಳಸಿದರೆ ಮಾತ್ರ ಅರಣ್ಯ ಅನುಮತಿ ಬೇಕೇ ಬೇಕು, ಆ ಕಾಗದ ಮೊದಲು ಕೇಳಿ. ಬೇಸಿಗೆಯಲ್ಲಿ ಒಡ್ಡಿನ ಕೆಳಗೆ ಎಷ್ಟು ನೀರು ಬಿಡುತ್ತಾರೆ ಅನ್ನೋದನ್ನೂ ಬರಹದಲ್ಲೇ ಪಡೆಯಿರಿ.